ಗಡಿ ತೋರಿಸಿದವಳು

ಗದ್ದೆಯ ನಾಲ್ಕನೆಯ ಮೂಲೆಯಲ್ಲೂ ರಿಮೋಟಿನ ಗುಂಡಿ ಒತ್ತಿ ಬಂದ ಮರಿಲಿಂಗಮ್ಮ, ಅದನ್ನು ಸೆರಗಿನಿಂದ ಒರೆಸಿ ಪಂಚಶೀಲಾಳ ಕೈಗೆ ಕೊಟ್ಟಳು.

“ಬರೋಬರಿ ತಿರುಗಿ ಬಂದೀನಿ, ಹೌದಿಲ್ಲ?”

“ಬರೋಬರಿ ಅದ, ದೊಡ್ಡವ್ವ.”

ಕಕ್ಕೇರಾದ ಆ ಭತ್ತದ ಗದ್ದೆಯ ಗಡಿ ಮರಿಲಿಂಗಮ್ಮನಷ್ಟು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅಲ್ಲಿ ಕಳೆ ಕಿತ್ತವಳು. ಹೋದ ವರ್ಷದವರೆಗೆ ತನ್ನ ಪಕ್ಕದಲ್ಲೇ ಬಗ್ಗುತ್ತಿದ್ದ ಪಂಚಶೀಲಾಳಿಗೂ ಕಳೆ ಯಾವುದು, ಪೈರು ಯಾವುದು ಎಂದು ಕಲಿಸಿದವಳು. ಈಗ ಡ್ರೋನ್ ಹಾರಿಸುವ ಪಂಚಶೀಲಾ, ಗದ್ದೆ ಅಳೆಯಬೇಕು ಎಂದಷ್ಟೇ ಅವಳಿಗೆ ಹೇಳಿದ್ದಳು. ಕಳೆನಾಶಕ ತುಂಬಿದ ಡ್ರೋನ್ ಇನ್ನೂ ಗಾಡಿಯಲ್ಲೇ ಇತ್ತು.

ಮರಿಲಿಂಗಮ್ಮ ನಡೆದ ದಾರಿ ರಿಮೋಟಿನ ಪರದೆಯ ಮೇಲೆ ಹಸಿರು ಗೆರೆಯಾಗಿ ಕೂಡಿಕೊಂಡಿತು. ಅದರ ಕೆಳಗೆ ಸಿಂಪಡಣೆಗೆ ಬೇಕಾದ ಸಮಯ ಮೂಡಿತು: ಹದಿನೆಂಟು ನಿಮಿಷ. ಪಂಚಶೀಲಾ ಪರದೆಯನ್ನು ಎದೆಯ ಕಡೆ ತಿರುಗಿಸಿಕೊಂಡಳು.

“ಅಳತಿ ಮುಗೀತಲ್ಲ,” ಎಂದಳು ಮರಿಲಿಂಗಮ್ಮ, ಚಪ್ಪಲಿ ಮೆಟ್ಟುತ್ತ. “ಕಳೆ ತಗಿಯಾಕ ನಾಳಿ ಎಷ್ಟು ಮಂದಿ ಕರಕೊಂಡು ಬರ್ಲಿ?”