ನೀಲಾಳ ಕೈಗೆ ಕಟ್ಟಿದ ಪಟ್ಟಿಗಳು

ಧಾರವಾಡದ ಆ ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಸೋಮವಾರ ಬೆಳಿಗ್ಗೆ ಕೈಪಟ್ಟಿ ಚೆಕಿಂಗ್. ಬದುಕು ಸಾಕೆನಿಸಿದವರ ಪಟ್ಟಿ ಕೆಂಪಾಗುತ್ತದೆ, ಉಳಿದವರದು ಹಸಿರು. ಕೆಂಪು ಕಂಡರೆ ವಾರ್ಡನ್ ಮೇಡಂ ಮನೆಗೆ ಫೋನ್ ಮಾಡಿ ಗಂಟುಮೂಟೆ ಕಟ್ಟಿಸುತ್ತಾರೆ. ಯಾಕವ್ವಾ ಅಂತ ಕೇಳುವ ಪದ್ಧತಿಯಿಲ್ಲ.

ಹಾಗಾಗಿ ಹುಡುಗಿಯರು ತಿಂಡಿಯ ಹೊತ್ತಿಗೆ ತಮ್ಮ ಪಟ್ಟಿಗಳನ್ನು ನೀಲಾಂಬಿಕಾಳ ಕೈಗೆ ಕಟ್ಟಿಬಿಡುತ್ತಾರೆ. ನೀಲಾ ಸದಾ ನಗುವವಳು. ಅವಳ ಕೈಮೇಲೆ ಸ್ವಲ್ಪ ಹೊತ್ತಿದ್ದರೆ ಎಂಥ ಪಟ್ಟಿಯೂ ಹಸಿರಾಗಿ, ವಾಪಸ್ ತಮ್ಮ ಕೈಗೆ ಕಟ್ಟಿಕೊಂಡರೂ ಚೆಕಿಂಗ್ ಮುಗಿಯುವ ತನಕ ಹಾಗೇ ಇರುತ್ತದೆ.

ಇವತ್ತು ಮೊಣಕೈವರೆಗೆ ಪಟ್ಟಿ ಕಟ್ಟಿಸಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದಾಗ ಎಲ್ಲವೂ ಒಂದೊಂದಾಗಿ ಕೆಂಪಾದವು.

"ಏನ್ ಮಾಡಿದಿ ನೀಲಾ! ಮೇಡಂ ಬರೂ ಹೊತ್ತಾತು, ನಂದು ಬಿಚ್ಚು ಮೊದ್ಲ!"

ಹುಡುಗಿಯರು ಮುತ್ತಿಕೊಂಡು ತಮ್ಮ ತಮ್ಮ ಪಟ್ಟಿ ಬಿಚ್ಚಿಕೊಂಡರು. ಸದಾ ನಗುವ ಇನ್ನೊಬ್ಬಳನ್ನು ಹುಡುಕಿಕೊಂಡು ಬೈಯುತ್ತಲೇ ಓಡಿದರು. ನೀಲಾಳ ಕೈಯಲ್ಲಿ ಅವಳದೊಂದೇ ಉಳಿಯಿತು.

ಬಾಗಿಲವರೆಗೆ ಹೋಗಿದ್ದ ರೂಮ್‌ಮೇಟ್ ಮೆಹರುನ್ನಿಸಾ ತಿರುಗಿ ಬಂದಳು. ನೀಲಾ ಪಕ್ಕದ ಕುರ್ಚಿ ಎಳೆದಳು.

"ಒಂಚೂರು ಕೂಡ್ತೀಯೇನ ಮೆಹರ್?"

"ಚೆಕಿಂಗ್ ಮುಗೀಲಿ, ಆಮ್ಯಾಲೆ ಕೂಡ್ತೀನಿ. ನಿಂದೂ ಕೊಡು, ಯಾರ ಕೈಗಾದ್ರೂ ಕಟ್ಟಿ ಹಸರು ಮಾಡಿಸ್ಕೊಂಡ ಬರ್ತೀನಿ."

ನೀಲಾ ಬಿಚ್ಚಿ ಕೊಟ್ಟಳು.

ಪಟ್ಟಿ ಹಸಿರಾಗಿ ಬಂತು. ಮೇಡಂ ನೀಲಾಳ ಕೈ ನೋಡಿ, "ಗುಡ್" ಅಂದು ಮುಂದೆ ಹೋದರು. ಸದ್ಯ ಉಳಿದಳಲ್ಲ ಅಂತ ಮೆಹರುನ್ನಿಸಾಗೆ ಜೀವ ಹಗುರಾಯಿತು. ಕ್ಲಾಸಿಗೆ ತಡವಾಗಿತ್ತು. ಬ್ಯಾಗು ಹೆಗಲಿಗೇರಿಸಿಕೊಂಡು ಓಡಿದಳು.