ಮೂರಕ್ಕೆ ತಿರುಗಿದ ಮುಳ್ಳು

"ದಿನಕ್ಕೆ ಐದು ಸಲವಾ?" ಟೈಲರಮ್ಮ ದನಿ ತಗ್ಗಿಸಿ ಕೇಳಿದಳು. "ಅಷ್ಟು ಸಲ ನಾನು ತಿಂಡೀನೂ ತಿನ್ನಲ್ವಲ್ಲ ತಾಯಿ!"

ಔಷಧಿ ಅಂಗಡಿಯಾಕೆ ಡಾಕ್ಟರ ಚೀಟಿಯನ್ನು ಇನ್ನೊಮ್ಮೆ ನೋಡಿ, ಮಾತ್ರೆಯ ಸ್ಟ್ರಿಪ್ ಬೆನ್ನಿಗೆ ಹಸಿರು ಶಾಯಿಯಲ್ಲಿ ಬರೆದಳು: ಬೆಳಿಗ್ಗೆ ಏಳು, ಹನ್ನೊಂದು, ಮೂರು, ಸಂಜೆ ಏಳು, ರಾತ್ರಿ ಹನ್ನೊಂದು. "ನಾಲ್ಕು ಗಂಟೆಗೊಂದು, ಅಕ್ಕ. ಐದು ದಿನ. ಹುಣ್ಣು ಒಣಗಿತಲ್ಲ ಅಂತ ಮೂರನೇ ದಿನಕ್ಕೇ ಬಿಟ್ಟುಬಿಡಬೇಡಿ. ಮುಂದಿನ ಸಲ ಆ ಜಾಗ ಚುರುಚುರು ಅಂದ ಕೂಡಲೇ ಶುರು ಮಾಡಿ. ಹುಣ್ಣು ಏಳೋ ತನಕ ಕಾಯಬೇಡಿ."

"ಮುಂದಿನ ಸಲಾನೂ ಇದೆಯಾ?"

"ಮೈ ಕೂಡಿದಾಗ ಅಂಟೋ ಈ ಹರ್ಪಿಸ್ ಮೈಬಿಟ್ಟು ಹೋಗಲ್ಲಕ್ಕ, ಒಳಗೇ ಮಲಗಿರುತ್ತೆ. ಎದ್ದಾಗ ಬೇಗ ಮಲಗಿಸೋಕೆ ಈ ಮಾತ್ರೆ. ಮನೇಲಿ ಹೇಳಿದ್ದೀರಾ?"

"ಅಯ್ಯೋ, ನಮ್ಮವರಿಗಾ?" ಟೈಲರಮ್ಮ ಸ್ಟ್ರಿಪ್‌ಗಳನ್ನು ಅಳತೆ ಟೇಪಿನ ಚೀಲಕ್ಕೆ ತುರುಕಿದಳು. ಅಂಗಡಿಯಾಕೆ ಏನೋ ಹೇಳಲು ಬಾಯಿ ತೆರೆದವಳು, ಪೆನ್ನಿನ ಮುಚ್ಚಳ ಹಾಕಿ ಚಿಲ್ಲರೆ ಎಣಿಸತೊಡಗಿದಳು.

ಟೈಲರಮ್ಮನಿಗೆ ಇದು ಎರಡನೇ ಮದುವೆ. ಮೊದಲ ಗಂಡ ತೀರಿಹೋಗಿದ್ದ. ಅವನ ಮನೆಯಿಂದಲೇ ಈ ಪೀಡೆಯನ್ನು ಹೊತ್ತು ತಂದೆನೆಂದು ಅವಳ ಮನಸ್ಸು ಕೊರೆಯುತ್ತಿತ್ತು. ಯಾರಿಂದ ಬಂತು, ಯಾವಾಗ ಬಂತು ಅಂತ ಹೇಳೋಕಾಗಲ್ಲ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳಬಹುದು ಎಂದಿದ್ದರು ಡಾಕ್ಟರು. ಆದರೆ ಗಂಡ ನಂಬಬೇಕಲ್ಲ? ಬಾಗಿಲು ತೋರಿಸಿದರೆ ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗಲು ಅವಳಿಗೆ ಇನ್ನೊಂದು ಮನೆಯಿರಲಿಲ್ಲ. ಪುಣ್ಯಕ್ಕೆ ಅವನು ನಡು ಹಿಡಿದಿದೆಯೆಂದು ನಾಲ್ಕು ದಿನದಿಂದ ಮುಂದಿನ ಕೋಣೆಯಲ್ಲೇ, ತಾನು ರಿಪೇರಿ ಮಾಡುವ ಗಡಿಯಾರಗಳ ನಡುವೆ ಮಲಗುತ್ತಿದ್ದ.

ಹೊತ್ತು ನೆನಪಿಡುವುದು ಹೇಗೆಂಬ ಅವಳ ಚಿಂತೆ ಮಾರನೆಯ ದಿನವೇ ತೀರಿತು. ಗಂಡನ ಮೇಜಿನ ಮೇಲಿದ್ದ ಕೆಂಪು ಅಲಾರಂ ಗಡಿಯಾರ ಹನ್ನೊಂದಕ್ಕೆ ಬಡಿದುಕೊಂಡಿತು. ಮೂರಕ್ಕೂ ಬಡಿದುಕೊಂಡಿತು, ಏಳಕ್ಕೂ. ಅವಳು ಗಂಟೆ ಕೇಳಿದ್ದೇ ಅಡುಗೆಮನೆಗೆ ನುಗ್ಗಿ ಮಾತ್ರೆ ನುಂಗಿದಳು.

"ಅದ್ಯಾವುದ್ರೀ, ಹಾಗೆ ಅರಚಿಕೊಳ್ಳೋದು?"

"ಗಿರಾಕಿದು," ಎಂದ ಗಂಡ, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ. "ಸರಿಯಾಗಿ ಹೊಡೆಯುತ್ತಾ ಅಂತ ನೋಡ್ತಿದ್ದೀನಿ."

ಮೂರನೆಯ ದಿನ ಲಂಗದ ಅಂಚು ಹೊಲಿಯುತ್ತಿದ್ದವಳ ಕಾಲು ಪೆಡಲಿನ ಮೇಲೆ ತಟ್ಟನೆ ನಿಂತಿತು. ಅಲಾರಮ್ಮಿಗೆ ಇರುವುದು ಒಂದೇ ಒಂದು ಪುಟ್ಟ ಮುಳ್ಳು. ಹನ್ನೊಂದಕ್ಕಿಟ್ಟರೆ ಅದು ಹನ್ನೊಂದಕ್ಕಷ್ಟೇ ಹೊಡೆದೀತು. ಮೂರಕ್ಕೆ ಹೊಡೆಯಬೇಕಾದರೆ ಯಾರಾದರೂ ಅದನ್ನು ತಿರುಗಿಸಲೇಬೇಕು. ಗಡಿಯಾರದವನ ಜೊತೆ ಆರು ವರ್ಷ ಬಾಳಿದವಳಿಗೆ ಇಷ್ಟು ಗೊತ್ತಾಗದೆ ಇರುತ್ತದೆಯೇ? ಪರೀಕ್ಷೆಗಾದರೆ ಹನ್ನೆರಡಕ್ಕೆ ತಿರುಗಿಸಲಿ, ಒಂದಕ್ಕೆ ತಿರುಗಿಸಲಿ. ಏಳು, ಹನ್ನೊಂದು, ಮೂರೇ ಯಾಕೆ?

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಅವಳು ಟೇಪಿನ ಚೀಲ ಹೆಗಲಿಗೇರಿಸಿ, ನೀರಿನ ಲೋಟ ಹಿಡಿದು ಮುಂದಿನ ಕೋಣೆಯ ಪರದೆಯ ಹಿಂದೆ ನಿಂತಳು. ಗಂಟೆ ಹೊಡೆಯಿತು. ಗಂಡ ಅದರ ಬಾಯಿ ಮುಚ್ಚಿಸಿ, ಪುಟ್ಟ ಮುಳ್ಳನ್ನು ಮೂರಕ್ಕೆ ತಿರುಗಿಸಿಟ್ಟ. ಆಮೇಲೆ ಕೆಳಗಿನ ಖಾನೆ ಎಳೆದು, ಹಳೆಯ ಸ್ಪ್ರಿಂಗುಗಳ ಅಡಿಯಿಂದ ಒಂದು ಸ್ಟ್ರಿಪ್ ತೆಗೆದ. ಅದರ ಬೆನ್ನ ಮೇಲೆ ಹಸಿರು ಶಾಯಿ. ಅದೇ ದುಂಡನೆಯ ಅಕ್ಷರ.

ನಿಮ್ಮಿಂದ ನನಗೋ, ನನ್ನಿಂದ ನಿಮಗೋ? ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಅವನ ಕೈ ಕಂಡಿತು. ಕೂದಲೆಳೆಯಂಥ ಸ್ಪ್ರಿಂಗನ್ನೂ ಒಂದೇ ಸಲಕ್ಕೆ ಕೂಡಿಸುವ ಕೈ, ಒಳಗೆ ಸದ್ದು ಕೇಳೀತೆಂದು ಸ್ಟ್ರಿಪ್ಪನ್ನು ಅಂಗಿಯ ಚುಂಗಿನಲ್ಲಿ ಸುತ್ತಿಕೊಂಡು ಮಾತ್ರೆ ಬಿಡಿಸುತ್ತಿತ್ತು.

ಅವಳು ಪರದೆ ಸರಿಸಿ ಒಳಗೆ ಬಂದಳು. ಅವನು ಮುಷ್ಟಿ ಬಿಗಿದುಕೊಂಡ.

"ಸರಿಹೋಯ್ತಾ ರೀ, ಗಡಿಯಾರ?"

"ಇನ್ನೂ... ಇನ್ನೊಂದೆರಡು ದಿನ ನೋಡಬೇಕು."

"ಹೂಂ. ಪೂರ್ತಿ ಐದು ದಿನ ಮಾಡಬೇಕಂತೆ, ನಿಮ್ಮ ಗಿರಾಕಿಗೆ ಹೇಳಿ. ಒಣಗಿತು ಅಂತ ನಡುವೆ ಬಿಡಬಾರದಂತೆ."

ಅವನು ತಲೆಯೆತ್ತುವಷ್ಟರಲ್ಲಿ ಅವಳು ಟೇಪಿನ ಚೀಲದಿಂದ ತನ್ನ ಸ್ಟ್ರಿಪ್ ತೆಗೆದು, ಹಸಿರು ಅಕ್ಷರ ಮೇಲೆ ಬರುವಂತೆ ಮೇಜಿನ ಮೇಲಿಟ್ಟಳು. ಲೋಟ ಒಂದೇ ಇತ್ತು. ತನ್ನ ಮಾತ್ರೆಗೆ ಅರ್ಧ ನೀರು ಕುಡಿದು, ಉಳಿದರ್ಧವನ್ನು ಅವನ ಮುಷ್ಟಿಯ ಮುಂದಕ್ಕೆ ಸರಿಸಿದಳು.