ಬಾಯಿತಪ್ಪಿ ಬಂದ ಪ್ರಾರ್ಥನೆ

ಜಪಮಾಲೆ ಕೈಗೆ ತೆಗೆದುಕೊಳ್ಳುವ ಮೊದಲೇ ಓಟಿಲಿಯಾಳ ಬಾಯಿ ಒಣಗಿಹೋಗಿತ್ತು. ಸತ್ತವರ ಮನೆಯಲ್ಲಿ ಒಂಬತ್ತು ಸಂಜೆ ಪ್ರಾರ್ಥನೆ ಹೇಳಿಸುವ ಮುದುಕಿಗೆ ಗಂಟಲು ಕಟ್ಟಿ, ಎಂಟನೆಯ ಸಂಜೆಯ ಹೊಣೆ ಇವಳ ತಲೆಗೆ ಬಂದಿತ್ತು. ಸತ್ತವನು ಫೌಸ್ತೊ. ಹೆಂಡತಿಯೊಡನೆ ಜಗಳವಾಡಿ, ತುಂಬಿ ಹರಿಯುತ್ತಿದ್ದ ಪಟೂಕಾ ಹೊಳೆಗೆ ದೋಣಿ ಇಳಿಸಿದವನು ಹೆಣವಾಗಿ ಮರಳಿದ್ದ.

ಹೆಂಡತಿ ಬ್ರಿಹಿದಾ ಅಂದಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ಕಾಫಿ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿದಿಲ್ಲ. ಕಲ್ಲೆದೆಯವಳು ಅಂದಿತು ಊರು. ಊರಿಗೇನು, ಅನ್ನುವುದಕ್ಕೆ ಖರ್ಚಿಲ್ಲವಲ್ಲ! ಹೀಗೇ ಬಿಟ್ಟರೆ ಇವಳೂ ಹೋಗುತ್ತಾಳೆಂದು ಹೆದರಿ ಒದ್ದಾಡಿದವಳು ಪಕ್ಕದ ಮನೆಯ ಓಟಿಲಿಯಾ ಒಬ್ಬಳೇ. ಕೋಳಿ ಸಾರು ಮಾಡಿ ತಂದಳು, ಅದಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಸಮಾಧಾನ ಹೇಳಹೋಗಿ "ನಿಂಗಿನ್ನೂ ವಯಸ್ಸಿದೆ ಕಣೇ" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

"ಇವಳಾ ಹೇಳಿಸೋದು? ಕರ್ಮ!" ಮೇಣದಬತ್ತಿಗಳ ಮುಂದೆ ಕೂತಿದ್ದ ಫೌಸ್ತೊನ ತಾಯಿ ಮಾಕ್ರಿನಾ ಎಲ್ಲರಿಗೂ ಕೇಳುವಂತೆಯೇ ಗೊಣಗಿದಳು.

ಓಟಿಲಿಯಾ ಕಣ್ಣು ಮುಚ್ಚಿದಳು. "ಸ್ವಾಮಿ, ನನ್ನ ಕೈಲಿ ಆಗೋದು ಇಷ್ಟೇ. ಉಳಿದದ್ದು ನೀನೇ ನೋಡ್ಕೋ."

ಜಪಮಾಲೆ ಹೇಗೋ ಮುಗಿಯಿತು. ಕೊನೆಗೆ ಸಂತರನ್ನು ಒಬ್ಬೊಬ್ಬರಾಗಿ ಕೂಗಿ ಬೇಡುವ ಪ್ರಾರ್ಥನೆ. ಹೆಸರನ್ನೂ ಅದರ ಉತ್ತರವನ್ನೂ ಮೊದಲ ಸಲ ಹೇಳಿಸುವವಳೇ ಹೇಳಿಕೊಡಬೇಕು. ಉಳಿದವರು ಅದೇ ಉತ್ತರ ಹಿಡಿದು ಸಾಗುತ್ತಾರೆ. ಓಟಿಲಿಯಾ ಈ ಪ್ರಾರ್ಥನೆ ಕಲಿತದ್ದು ತನ್ನ ತಾಯಿ ಸತ್ತಾಗ. ನಾಲಿಗೆಗೆ ಗೊತ್ತಿದ್ದದ್ದು ಅದೊಂದೇ.

"ಸಂತ ಮರಿಯಮ್ಮನವರೇ, ಅವಳಿಗಾಗಿ ಪ್ರಾರ್ಥಿಸಿರಿ."

"ಅವಳಿಗಾಗಿ ಪ್ರಾರ್ಥಿಸಿರಿ," ಅಂದರು ಮನೆ ತುಂಬ ಜನ, ಅರೆನಿದ್ದೆಯಲ್ಲಿ.

ಸಂತ ಜೋಸೆಫರ ಹೆಸರಿಗೂ ಅದೇ, ದೇವದೂತ ಮಿಕಾಯೇಲರ ಹೆಸರಿಗೂ ಅದೇ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕಾಗಲೇ ಓಟಿಲಿಯಾಳಿಗೆ ಹೊಳೆದದ್ದು. ಅಯ್ಯೋ ದೇವರೇ, ಸತ್ತವನು ಗಂಡಸು!

ಮಾಕ್ರಿನಾ ಎದ್ದು ನಿಂತಳು. "ಯಾರಿಗೇ ಪ್ರಾರ್ಥನೆ ಮಾಡಿಸ್ತಿದ್ದೀಯ? ಸತ್ತಿರೋದು ನನ್ನ ಮಗ! ಅವನನ್ನ ಹೊಳೆಗೆ ಅಟ್ಟಿದವಳಿಗಾ ನಿನ್ನ ಪ್ರಾರ್ಥನೆ?"

ಓಟಿಲಿಯಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಬಾಗಿಲ ಬಳಿ ಏನೋ ಕುಸಿದ ಸದ್ದು. ಬ್ರಿಹಿದಾ ನೆಲಕ್ಕೆ ಬಿದ್ದು, ಮುಖವನ್ನು ಎರಡೂ ಅಂಗೈಗಳಲ್ಲಿ ಹುದುಗಿಸಿ ಅಳುತ್ತಿದ್ದಳು. ಕರುಳು ಕಿತ್ತು ಬರುವ ಅಳು. ಯಾರೂ ಕಾಫಿ ಮುಟ್ಟಲಿಲ್ಲ. ಒಬ್ಬೊಬ್ಬರೇ ಟೋಪಿ ಎತ್ತಿಕೊಂಡು ಹೊರಟರು.

ಓಟಿಲಿಯಾ ಅವಳನ್ನು ಎಬ್ಬಿಸಿ ಕೂರಿಸಿದಳು. "ತಪ್ಪಾಯ್ತು ಕಣೇ. ನನ್ನ ಹಾಳು ಬಾಯಿ..."

"ಅವರಿಗಾಗಿ ಎಲ್ರೂ ಬೇಡ್ಕೊಂಡ್ರು ಅಕ್ಕಾ, ನಾನೂ ಬೇಡ್ಕೊಂಡೆ," ಬ್ರಿಹಿದಾ ಬಿಕ್ಕಿದಳು. "ನನಗಾಗಿ ಯಾರೂ... ನಾಳೆನೂ ಹಾಗೇ ತಪ್ಪು ಹೇಳ್ತೀಯಾ?"

ಆ ಸಂಜೆ ಅವಳು ಒಂದು ರೊಟ್ಟಿ ತಿಂದಳು. ಅಡುಗೆಮನೆಯ ಕತ್ತಲಲ್ಲಿ ಒಲೆಯ ಕಡೆ ಮುಖ ಮಾಡಿ ಕೂತಿದ್ದ ಮಾಕ್ರಿನಾಳಿಗೆ ಅವರ ಮಾತೆಲ್ಲ ಕೇಳಿಸಿತ್ತು.

ಮರುದಿನ ಕಡೆಯ ಪ್ರಾರ್ಥನೆ. ನಿನ್ನೆ ನಗುವ ಅವಕಾಶ ತಪ್ಪಿದವರೂ ಬಂದು ತುಂಬಿದ್ದರು. ಮುದುಕಿಯ ಗಂಟಲು ಇನ್ನೂ ಬಿಟ್ಟಿರಲಿಲ್ಲ. ತಪ್ಪು ಹೇಳಬೇಕೆಂದೇ ಓಟಿಲಿಯಾ ಬಾಯಿ ತೆರೆದಳು. ಅಷ್ಟು ಮುಖಗಳನ್ನು ಕಂಡು ಧೈರ್ಯ ಉಡುಗಿತು.

"ಸಂತ ಮರಿಯಮ್ಮನವರೇ, ಅವನಿಗಾಗಿ ಪ್ರಾರ್ಥಿಸಿರಿ."

ಬ್ರಿಹಿದಾ ತಲೆ ತಗ್ಗಿಸಿದಳು. ಇದೊಂದೂ ನನ್ನ ಕೈಲಾಗಲಿಲ್ಲವಲ್ಲ ಸ್ವಾಮಿ ಎಂದು ಓಟಿಲಿಯಾ ತನ್ನನ್ನೇ ಬೈದುಕೊಂಡಳು.

"ಅವನಿಗಾಗಿ ಪ್ರಾರ್ಥಿಸಿರಿ," ಅಂದರು ಜನ. ಅವರ ದನಿ ಅಡಗಿದ ಮೇಲೂ ಮುಂದಿನ ಸಾಲಿನಲ್ಲಿ ಒಂದು ಒಡಕು ದನಿ ಉಳಿಯಿತು.

"ಅವಳಿಗಾಗಿ ಪ್ರಾರ್ಥಿಸಿರಿ."

ಮಾಕ್ರಿನಾ ಕಣ್ಣು ಮುಚ್ಚಿಕೊಂಡಿದ್ದಳು. ಮುಂದಿನ ಸಂತರ ಹೆಸರಿಗೂ ಅವಳು ಅದನ್ನೇ ಹೇಳಿದಳು.